ಎಮ್ಮೆಗೆ ‘ರೀ’ ಹಚ್ಚಿದವನು

ಆ ಸಿನಿಮಾದ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನೀವು ಇವತ್ತೇ ಹುಡುಕಿ ನೋಡುತ್ತೀರಿ, ನೋಡಿ ನಗುತ್ತೀರಿ, ಅದೂ ತಪ್ಪು ಜಾಗದಲ್ಲಿ ನಗುತ್ತೀರಿ, ಆಮೇಲೆ ನನಗೆ ನಿಮ್ಮ ಮೇಲೂ ಸಿಟ್ಟು ಬರುತ್ತದೆ. ಸಿಟ್ಟು ಮಾಡಿಕೊಳ್ಳಲು ನನಗೆ ಈಗಿರುವ ಮಂದಿಯೇ ಸಾಕು.

ಮತ್ತೆ ಮತ್ತೆ ನೋಡುವಂಥ ನಗೆ ಸಿನಿಮಾ ಯಾವುದು ಎಂದು ಯಾರಾದರೂ ಕೇಳಿದರೆ ಒಂದು ಕಾಲಕ್ಕೆ ನಾನು ಹಿಂದೆಮುಂದೆ ನೋಡದೆ ಅದನ್ನೇ ಹೇಳುತ್ತಿದ್ದೆ. ಬೀದರಿನ ಮಗ್ಗುಲಿಗೇ ಇರುವ ತೆಲಂಗಾಣದ ಜಹೀರಾಬಾದಿನ ನಮ್ಮ ಮನೆಯಲ್ಲಿ ಇದ್ದದ್ದು ಅದೊಂದೇ ಕನ್ನಡ ಸಿನಿಮಾ. ನಾನಿನ್ನೂ ಶಾಲೆಗೆ ಹೋಗುತ್ತಿದ್ದಾಗ ಅಪ್ಪ ಬೀದರಿಗೆ ಹೋಗಿದ್ದವನು ಬಸ್ ಸ್ಟ್ಯಾಂಡಿನ ಎದುರಿನ ಬಂಡಿಯಲ್ಲಿ ಸೀಡಿ ಕೊಂಡು, ಪೇಡೆಯ ಪೊಟ್ಟಣದ ಜೊತೆಗೇ ಚೀಲಕ್ಕೆ ಹಾಕಿಕೊಂಡು ಬಂದಿದ್ದ. ಮನೆಗೆ ಬರುವಷ್ಟರಲ್ಲಿ ಪೇಡೆಯ ತುಪ್ಪವೆಲ್ಲ ಸೀಡಿಗೆ ಮೆತ್ತಿತ್ತು. ಅಪ್ಪ ಧೋತರದ ಚುಂಗಿನಿಂದ ಅದನ್ನು ತಿಕ್ಕಿ ತಿಕ್ಕಿ ಒರೆಸಿದ. ತುಪ್ಪ ಹೋಯಿತು, ಗೀರು ಉಳಿಯಿತು.

ಆ ಗೀರಿನ ದೆಸೆಯಿಂದ ಸಿನಿಮಾ ಶುರುವಾದ ಸ್ವಲ್ಪ ಹೊತ್ತಿಗೆ ಚಿತ್ರ ಚೌಕಚೌಕವಾಗಿ ಒಡೆದು ನಿಂತುಬಿಡುತ್ತಿತ್ತು. ಪ್ಲೇಯರು ಕರ್ ಕರ್ ಎಂದು ಹಲ್ಲು ಕಡಿದು, ಒಂದಿಡೀ ಸೀನು ಹಾರಿಸಿ ಮುಂದಕ್ಕೆ ಹೋಗುತ್ತಿತ್ತು. ಹಾರಿದ ಸೀನಿನಲ್ಲಿ ಏನಿದೆಯೆಂದು ನಮಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ವರ್ಷಗಟ್ಟಲೆ ಸುಖವಾಗಿದ್ದೆವು.

ಕಥೆ ದೊಡ್ಡದೇನಲ್ಲ. ಬೆಂಗಳೂರಿನಲ್ಲಿ ಒಬ್ಬ ಜಿಪುಣ ಯಜಮಾನ. ಬಾಡಿಗೆಯವರು ನಲ್ಲಿ ಸೋರುತ್ತಿದೆ ಎಂದು ಹೇಳಲು ಬಂದರೆ ಅವನು ಕಿವುಡ, ಬಾಡಿಗೆ ಕೊಡಲು ಬಂದರೆ ಕಿವಿ ಚುರುಕು. ಹಾಲಿನ ಖರ್ಚು ಉಳಿಸಲೆಂದು ಒಂದು ಎಮ್ಮೆ ತಂದು ಮಹಡಿಯ ಮೇಲೆ ಕಟ್ಟುತ್ತಾನೆ. ಮೆಟ್ಟಿಲು ಹತ್ತಿದ ಎಮ್ಮೆ ಇಳಿಯಲು ಒಲ್ಲೆ ಎನ್ನುತ್ತದೆ. ಉಳಿದ ಸಿನಿಮಾವೆಲ್ಲ ಆ ಎಮ್ಮೆಯನ್ನು ಇಳಿಸುವ ಪಾಡು, ಆ ಪಾಡು ಬಿದ್ದಿರುವುದು ಮನೆಯ ಆಳಿನ ತಲೆಗೆ. ಅವನು ಎಮ್ಮೆಯ ಮುಂದೆ ಕೈಮುಗಿದು ನಿಂತು, “ಬರ್ರಿ, ಹಿಂಗ ಬರ್ರಿ, ಸಾವಕಾಶ ಇಳೀರಿ” ಎಂದು ಬೇಡಿಕೊಳ್ಳುತ್ತಾನೆ. ಎಮ್ಮೆ ಬಾಲ ಎತ್ತಿ ತನ್ನ ಉತ್ತರ ಕೊಡುತ್ತದೆ.

ಇಲ್ಲಿ ಅವ್ವ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು. “ಬಾ ಅನ್ನೋ ಖೋಡಿ! ಎಮ್ಮಿಗಿ ಯಾರರ ರೀ ಅಂತಾರೇನು!” ಎಂದು ಟೀವಿಗೇ ಬೈಯುತ್ತಿದ್ದಳು. ನಾನೂ ನನ್ನ ತಮ್ಮನೂ ಬಿದ್ದು ಬಿದ್ದು ನಕ್ಕರೆ ಮಾತ್ರ ಅವಳಿಗೆ ಆಗುತ್ತಿರಲಿಲ್ಲ. ತಾನು ನಕ್ಕದ್ದನ್ನು ಮರೆತು ನಮ್ಮ ಮೇಲೆ ಕಣ್ಣು ಬಿಡುತ್ತಿದ್ದಳು. “ನಗಬ್ಯಾಡ್ರಿ. ಪಾಪ, ಕಲಿಯಾಕ ಹತ್ಯಾನ.”

ಏನು ಕಲಿಯುತ್ತಿದ್ದ? ನಮ್ಮ ಭಾಷೆಯನ್ನು. ನಮ್ಮ ಮನೆಯಲ್ಲಿ ಎಲ್ಲರೂ ಸಿನಿಮಾವನ್ನು ಅರ್ಥ ಮಾಡಿಕೊಂಡದ್ದೇ ಹಾಗೆ. ಆ ಆಳು ಬೆಂಗಳೂರು ಕಡೆಯ ಒಬ್ಬ ಬಡವ. ಯಾವುದೋ ಕಾರಣಕ್ಕೆ ನಮ್ಮ ಮಾತು ಕಲಿಯಬೇಕೆಂದು ಅವನಿಗೆ ಆಸೆ. ಆದರೆ ಹೇಳಿಕೊಡುವವರಿಲ್ಲ. ಹೀಗಾಗಿ ಎಮ್ಮೆಗೂ ರೀ ಹಚ್ಚುತ್ತಾನೆ, ಚಪ್ಪಲಿಗೂ ರೀ ಹಚ್ಚುತ್ತಾನೆ, ಹೆಂಗಸಿಗೆ ‘ಹೋಗ್ಯಾನ’ ಎನ್ನುತ್ತಾನೆ. ನಮ್ಮ ಕಡೆ ಹುಟ್ಟಿದ ಮೂರು ವರ್ಷದ ಕೂಸು ಕೂಡ ಇಂಥ ತಪ್ಪು ಮಾಡುವುದಿಲ್ಲ. ಹಾಗಾದರೆ ಅವನು ನಮ್ಮವನಾಗಲು ಹೇಗೆ ಸಾಧ್ಯ? ಅವ್ವನ ಲೆಕ್ಕ ಇಷ್ಟು ಸರಳವಾಗಿತ್ತು, ಈಗಲೂ ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಅವ್ವ ಓದಿದವಳಲ್ಲ. ಅವಳ ತವರು ನಾರಾಯಣಖೇಡದ ಹತ್ತಿರ ಸಿರ್ಗಾಪುರ. ಮದುವೆಗೆ ಮುಂಚೆ ಅವಳು ನೋಡಿದ ಸಿನಿಮಾಗಳೆಲ್ಲ ನಾರಾಯಣಖೇಡದ ಟಾಕೀಜಿನಲ್ಲಿ, ಅದೂ ತೊಗರಿ ಮಾರಲು ಮನೆಯವರು ಬಂಡಿ ಕಟ್ಟಿದ ದಿನ. ಎಲ್ಲವೂ ತೆಲುಗು ಸಿನಿಮಾ. ಅವುಗಳಲ್ಲೂ ಒಬ್ಬ ನಗಿಸುವವನು ಇರುತ್ತಿದ್ದ, ಅವನು ಮಾತಾಡುತ್ತಿದ್ದದ್ದು ನಮ್ಮ ತೆಲಂಗಾಣದ ತೆಲುಗು. ನಾಯಕ ಮಾತ್ರ ಕರಾವಳಿಯ ತೆಲುಗಿನಲ್ಲಿ ಪದ್ಯ ಓದಿದ ಹಾಗೆ ಮಾತಾಡುತ್ತಿದ್ದ. ಹಿಂದಿ ಸಿನಿಮಾದಲ್ಲಿ ಅಡುಗೆಯವನೋ ಆಟೋದವನೋ ಬಂದು ನಮ್ಮ ಬಜಾರಿನ ಉರ್ದುವಿನಲ್ಲಿ ಬೇಡ ಎನ್ನಲು ‘ನಕ್ಕೋ’ ಎಂದರೆ ಸಾಕು, ಇಡೀ ದೇಶ ನಗುತ್ತದೆ. ಇದೆಂಥ ನ್ಯಾಯ ಹೇಳಿ! ನಾವು ಮೂರು ಭಾಷೆ ಆಡುವ ಮಂದಿ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು. ಮೂರೂ ಭಾಷೆಯ ಸಿನಿಮಾದಲ್ಲಿ ಕೋಡಂಗಿ ನಾವೇ. ಒಂದು ಭಾಷೆ ಬಲ್ಲವರು ಕುರ್ಚಿಯಲ್ಲಿ ಕೂತಿರುತ್ತಾರೆ, ಮೂರು ಬಲ್ಲವರು ಅವರಿಗೆ ಚಹಾ ತಂದುಕೊಟ್ಟು ಜಾರಿ ಬೀಳಬೇಕು.

ಅವ್ವನಿಗೆ ಆ ಕನ್ನಡ ಸಿನಿಮಾ ಅಷ್ಟು ಪ್ರೀತಿಯಾಗಲು ಇದೇ ಕಾರಣ. ಒಂದು ಸಿನಿಮಾದಲ್ಲಾದರೂ ಬೇರೆಯವನು ನಮ್ಮ ಮಾತು ಕಲಿಯಲು ಒದ್ದಾಡುತ್ತಿದ್ದಾನಲ್ಲ ಎಂಬ ಸಮಾಧಾನ. ಅಪ್ಪ ತೀರಿಕೊಂಡ ಮೇಲೂ ಯುಗಾದಿಗೆ, ದೀಪಾವಳಿಗೆ, ನಾನು ಗಂಡನ ಮನೆ ತಾಂಡೂರಿನಿಂದ ಬಂದಾಗ, ಮಧ್ಯಾಹ್ನದ ಊಟವಾದ ಮೇಲೆ ಸೀಡಿ ಹಾಕಲೇಬೇಕು. ಅದು ನಿಂತ ಕಡೆ ಅವ್ವ, “ನಿಮ್ಮಪ್ಪನ ತುಪ್ಪ ಬಂತು ನೋಡು” ಎನ್ನುತ್ತಿದ್ದಳು.

ತಮ್ಮನಿಗೆ ಹೆಣ್ಣು ಹುಡುಕುವ ಕಾಲ ಬಂತು. ಅವನು ಊರಿನ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಹತ್ತಿರದ ಸಂಬಂಧಗಳೇ ಸಾಕಷ್ಟು ಬಂದವು. ನಮ್ಮ ಲಿಂಗಾಯತರಲ್ಲೇ ಒಳ್ಳೆಯ ಮನೆತನದ ಹುಡುಗಿಯರು, ಆದರೆ ಶಾಲೆಯಿಂದಲೇ ತೆಲುಗು ಬಾಯಿಗೆ ಹತ್ತಿ, ಕನ್ನಡವೆಂದರೆ ಅಜ್ಜಿಯ ಜೊತೆ ಆಡುವ ನಾಲ್ಕು ಮಾತು. ಅವ್ವ ಹಟ ಹಿಡಿದಳು. “ಮನ್ಯಾಗ ಕನ್ನಡ ಉಳೀಬೇಕಂದ್ರ ಕನ್ನಡದ ಸೊಸಿನೇ ಬೇಕು. ನಾ ಹೋದ ಮ್ಯಾಲ ಮೊಮ್ಮಕ್ಕಳಿಗಿ ಯಾರ ಮಾತಾಡಸ್ತಾರ?” ಎಂದಳು. ಹೀಗೆ ತುಮಕೂರು ಕಡೆಯಿಂದ ಹುಡುಗಿ ಬಂದಳು. ಕನ್ನಡ ಓದಿದವಳು, ದುಂಡಗೆ ಬರೆಯುವವಳು. ಅವ್ವ ಅವಳನ್ನು ಅಕ್ಕಪಕ್ಕದವರಿಗೆ ತೋರಿಸಿಕೊಂಡು ತಿರುಗಿದ್ದೇ ತಿರುಗಿದ್ದು.

ಮದುವೆಯಾದ ಮೇಲಿನ ಮೊದಲ ಹಬ್ಬಕ್ಕೆ ನಾನೂ ಹೋಗಿದ್ದೆ. ಊಟವಾಯಿತು. ಅವ್ವ ಸೀಡಿ ತೆಗೆದಳು. ಸೊಸೆ ಅದನ್ನು ನೋಡಿ, “ಅಯ್ಯೋ ಅತ್ತೆ, ಈಗ್ಯಾರು ಸೀಡಿ ಹಾಕ್ತಾರೆ? ಟೀವಿಯಲ್ಲೇ ಪೂರ್ತಿ ಸಿನಿಮಾ ಸಿಗುತ್ತೆ, ಎಷ್ಟು ಚೆನ್ನಾಗಿ ಕಾಣುತ್ತೆ ನೋಡಿ” ಎಂದಳು. ರಿಮೋಟು ಒತ್ತಿದಳು. ಅಯ್ಯೋ, ಆ ರಿಮೋಟಿನ ಸೆಲ್ಲು ಅವತ್ತೇ ಸಾಯಬಾರದಿತ್ತೇ!

ತುಪ್ಪದ ಜಾಗ ಬಂತು. ಚಿತ್ರ ಒಡೆಯಲಿಲ್ಲ, ನಿಲ್ಲಲಿಲ್ಲ, ಹಾರಲಿಲ್ಲ. ನಾವು ಒಮ್ಮೆಯೂ ನೋಡಿರದ ಸೀನು ಕಣ್ಣ ಮುಂದೆ ಬಂತು. ಬೆಂಗಳೂರಿನ ಯಜಮಾನನ ಬಾಗಿಲಿಗೆ ಆಳು ತಲೆಯ ಮೇಲೆ ಟ್ರಂಕು ಹೊತ್ತು ಬಂದು ನಿಲ್ಲುತ್ತಾನೆ. ಯಜಮಾನ ಅವನನ್ನು ಹೆಂಡತಿಗೆ ಪರಿಚಯ ಮಾಡಿಕೊಡುತ್ತಾನೆ: “ಬೀದರ್ ಕಡೆಯವನು ಕಣೆ. ಸಂಬಳ ಕಮ್ಮಿ. ಒಂದೇ ತೊಂದರೆ, ಭಾಷೇನೇ ಬರಲ್ಲ.” ಹೆಂಡತಿ ಕಿಸಕ್ಕೆಂದು ನಗುತ್ತಾಳೆ. ಆಳು ಹಲ್ಲು ಕಿರಿದು, “ಹೌದ್ರಿ, ನಮಸ್ಕಾರ್ರಿ, ಬಂದೆನ್ರಿ” ಎನ್ನುತ್ತಾನೆ.

ಸೊಸೆಗೆ ನಗು ತಡೆಯಲಾಗಲಿಲ್ಲ. ಚಪ್ಪಾಳೆ ತಟ್ಟಿ, ಅವ್ವನ ಕೈ ಹಿಡಿದು, “ಅತ್ತೆ, ನಿಮ್ಮ ಕಡೆಯವನೇ! ಥೇಟ್ ನಿಮ್ಮ ಥರಾನೇ ಮಾತಾಡ್ತಾನಲ್ವಾ!” ಎಂದಳು.

ಪ್ರೀತಿಯಿಂದಲೇ ಅಂದಳು, ಅದು ನನಗೆ ಗೊತ್ತು. ಆದರೂ ಆ ಗಳಿಗೆಯಲ್ಲಿ ಅವಳ ಕೈಯಿಂದ ರಿಮೋಟು ಕಿತ್ತು ಬಾವಿಗೆ ಎಸೆಯಬೇಕೆನ್ನಿಸಿತು. ಎಮ್ಮೆಯ ಸೀನು ಬಂತು. ‘ಬರ್ರಿ, ಇಳೀರಿ’ ಎಂದು ಆಳು ಕೈಮುಗಿದ. ಅವ್ವ ನಗಲಿಲ್ಲ, ಟೀವಿಗೆ ಬೈಯಲೂ ಇಲ್ಲ. ಅವಳು ಇಷ್ಟು ವರ್ಷ ಪಾಪ ಎಂದು ಮರುಗಿದ್ದು ತನಗೇ ಎಂದು ಅವಳಿಗೆ ಆಗ ತಿಳಿಯಿತು. ಎದ್ದು ಒಳಗೆ ಹೋಗಿ ಜೋಳ ಹಸನು ಮಾಡಲು ಕೂತಳು.

ಅವತ್ತು ಸಂಜೆ ಸೊಸೆ ಅಡುಗೆಮನೆಗೆ ಹೋದಾಗ ಅವ್ವ ತಲೆ ಎತ್ತದೆ, “ಅನ್ನಂ ತಿನ್ನವಾ?” ಎಂದಳು. ಊಟ ಆಯಿತೇ ಎಂದು, ತೆಲುಗಿನಲ್ಲಿ. ಹುಡುಗಿ ತಮಾಷೆಯೆಂದುಕೊಂಡು ನಕ್ಕಳು. ಮರುದಿನವೂ ತೆಲುಗು. ಅದರ ಮರುದಿನವೂ. ತಮ್ಮನ ಜೊತೆ ಕನ್ನಡ, ನೆರೆಮನೆಯವಳ ಜೊತೆ ಕನ್ನಡ, ಹಿತ್ತಲಲ್ಲಿ ಕಟ್ಟಿದ ನಮ್ಮ ಎಮ್ಮೆಯ ಜೊತೆಯೂ ಕನ್ನಡ. ಸೊಸೆ ಎದುರಿಗೆ ಬಂದರೆ ಮಾತ್ರ ಬಾ, ತಿನ್ನು, ನೀರು ಕುಡಿ ಎನ್ನಲೂ ‘ರಾ’, ‘ತಿನು’, ‘ನೀಳ್ಳು ತಾಗು’. ಸಿಡುಕಿಲ್ಲ, ಚುಚ್ಚುಮಾತಿಲ್ಲ, ತಟ್ಟೆಗೆ ತುಪ್ಪ ಹಾಕುವುದರಲ್ಲಿ ಕಡಿಮೆಯಿಲ್ಲ. ಕನ್ನಡ ಮಾತ್ರ ಇಲ್ಲ. ಯಾರಿಗಾಗಿ ಅಷ್ಟು ದೂರದಿಂದ ಕನ್ನಡದ ಸೊಸೆ ತಂದಿದ್ದಳೋ ಆ ಮೊಮ್ಮಕ್ಕಳ ಪಾಲಿಗೂ ಇನ್ನು ತೆಲುಗೇ ಗತಿ ಎನ್ನುವ ಹಾಗಾಯಿತು.

ನಾನು ತಾಂಡೂರಿನಿಂದ ಫೋನು ಮಾಡಿ ಗುದ್ದಾಡಿದೆ. “ಅವ್ವಾ, ಅಕಿಗಿ ತೆಲುಗು ತಿಳಿಯಂಗಿಲ್ಲ. ಹಿಂಗ್ಯಾಕ ಮಾಡ್ತಿ?”

“ತೆಲುಗು ನನಗ ಬರ್ತದ,” ಎಂದಳು ಅವ್ವ. “ಕನ್ನಡನೇ ಬರಂಗಿಲ್ಲಂತ. ಸಿನಿಮಾದಾಗ ಹೇಳ್ಯಾರಲ್ಲ.”

ನನ್ನ ಮೈಯೆಲ್ಲ ಉರಿಯಿತು. ಯಾರ ಮೇಲೆ ಉರಿದುಕೊಳ್ಳಲಿ? ಆ ಹುಡುಗಿಯ ಮೇಲೆಯೇ? ಅವಳು ಹುಟ್ಟಿದಾಗಿನಿಂದ ನಮ್ಮ ಮಾತನ್ನು ಸಿನಿಮಾದಲ್ಲಿ ಬಿಟ್ಟು ಬೇರೆ ಕಡೆ ಕೇಳಿದವಳಲ್ಲ, ಕೇಳಿದಾಗಲೆಲ್ಲ ಸುತ್ತಲಿನವರು ನಕ್ಕದ್ದನ್ನೇ ನೋಡಿದವಳು. ಉರಿದದ್ದು ಸಿನಿಮಾ ಮಾಡಿದ ಪುಣ್ಯಾತ್ಮರ ಮೇಲೆ. ನಗಿಸುವುದಾದರೆ ನಗಿಸಿ, ಬೇಡವೆನ್ನುವುದಿಲ್ಲ. ನಮ್ಮ ಕಡೆಯವರ ಹಾಗೆ ಚೇಷ್ಟೆ ಮಾಡುವವರು, ಒಂದು ಮಾತಿಗೆ ಮೂರು ಅರ್ಥ ಹಚ್ಚಿ ಕಾಲೆಳೆಯುವವರು ಇನ್ನೆಲ್ಲಿ ಸಿಗುತ್ತಾರೆ? ಆದರೆ ಅದಕ್ಕೆ ಭಾಷೆ ಬರಬೇಕಲ್ಲ! ನಮ್ಮ ಕಡೆಯ ಒಬ್ಬನನ್ನು ಕರೆದು ಕೂರಿಸಿಕೊಂಡು, ‘ಯಪ್ಪಾ, ಎಮ್ಮೆಗೆ ಏನನ್ನುತ್ತೀರಿ?’ ಎಂದು ಕೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಸಿಕ್ಕ ಸಿಕ್ಕ ಕಡೆ ರೀ ಮೆತ್ತಿ, ಅದನ್ನೇ ನಮ್ಮ ಭಾಷೆ ಎಂದು ಮಾರಿ, ಕೊನೆಗೆ ಭಾಷೆ ಬರುವುದಿಲ್ಲ ಎಂದದ್ದು ನಮಗೆ! ಕುಣಿಯಲಾರದವಳು ಅಂಗಳ ಡೊಂಕು ಎಂದ ಹಾಗೆ.

ಮುಂದಿನ ಸಲ ಜಹೀರಾಬಾದಿಗೆ ಹೋದಾಗ ತಮ್ಮನ ಹೆಂಡತಿ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಅತ್ತಳು. ಆಗಲೇ ಬಸುರಿ. “ಅತ್ತಿಗೆ, ಮನೆಯಲ್ಲಿ ಇಡೀ ದಿನ ನನ್ನ ಹತ್ರ ಯಾರೂ ಕನ್ನಡ ಮಾತಾಡಲ್ಲ. ನಾನೇನು ಮಾಡ್ಲಿ? ಅತ್ತೆ ಹತ್ರ ಹೇಗೆ ಮಾತಾಡ್ಬೇಕು ಹೇಳಿಕೊಡಿ” ಎಂದಳು.

ಅವಳ ಕಣ್ಣೀರು ನೋಡಿ ಕರಗಬೇಕಿತ್ತು. ನನ್ನ ನಾಲಿಗೆ ಕೇಳಬೇಕಲ್ಲ! “ಮೊದಲ ರೀ ಅನ್ನೋದ ಕಲಿ,” ಎಂದುಬಿಟ್ಟೆ. “ನಮ್ಮ ಕಡೆ ಬಾಗಲಿಗಿ ಬಂದವ್ರಿಗಿ ಯಾರೇ ಇರಲಿ, ರೀ ಹಚ್ಚೇ ಮಾತಾಡ್ತೀವಿ. ಬರ್ರಿ, ಕುಂದರ್ರಿ, ಉಣ್ಣರಿ. ಅದು ನಗೋ ಮಾತಲ್ಲ, ಮರ್ಯಾದಿ ಮಾತು.”

ಅವಳು ಕಣ್ಣು ಒರೆಸಿಕೊಂಡು, ಪಾಠ ಒಪ್ಪಿಸುವವರ ಹಾಗೆ, “ಬರ್ರಿ. ಕುಂದರ್ರಿ. ಉಣ್ಣರಿ” ಎಂದಳು. ನಾನು ಬಸ್ಸು ಹಿಡಿದು ತಾಂಡೂರಿಗೆ ಹೋದೆ. ಆಮೇಲೆ ತಮ್ಮ ಒಂದು ದಿನ ಫೋನಿನಲ್ಲಿ, “ಅಕ್ಕಾ, ಇಕಿ ದಿನಾ ಮೇವು ಹಾಕೋ ಮುಂದ ಎಮ್ಮಿ ಸಂಗಟ ಏನೇನೋ ಗುಣಗುಣ ಮಾತಾಡ್ತಾಳ” ಎಂದು ನಕ್ಕ. ಮಾತಾಡಲಿ ಬಿಡು, ಅದಾದರೂ ಕೇಳುತ್ತದಲ್ಲ ಎಂದೆ.

ಕುಬುಸದ ಕಾರ್ಯ, ಅಂದರೆ ಸೀಮಂತ, ಬಂತು. ತುಮಕೂರಿನಿಂದ ಅವಳ ಕಡೆಯವರು ಒಂದು ಟೆಂಪೊ ತುಂಬ ಬಂದರು. ಅಂಗಳದಲ್ಲಿ ಶಾಮಿಯಾನ, ಮಧ್ಯದಲ್ಲಿ ಕುರ್ಚಿ, ಕುರ್ಚಿಯಲ್ಲಿ ಹಸಿರು ಸೀರೆ, ಹಸಿರು ಬಳೆಯ ಹುಡುಗಿ. ಅವ್ವ ಆರತಿ ಬೆಳಗಿದಳು, ಉಡಿ ತುಂಬಿದಳು, ಹರಸಿದಳು. ಹರಸಿದ್ದೂ ತೆಲುಗಿನಲ್ಲಿ. ಬೀಗರಿಗೆ ಇದೇನೆಂದು ತಿಳಿಯದೆ ಮುಖ ಮುಖ ನೋಡಿಕೊಂಡರು. ಹುಡುಗಿ ತಲೆ ತಗ್ಗಿಸಿ ಬಳೆ ಎಣಿಸುತ್ತ ಕೂತಳು.

ಊಟಕ್ಕೆ ಕೂತರು. ಹೋಳಿಗೆ, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ. ಹುಡುಗಿಯ ಸೋದರಮಾವ ಒಬ್ಬರಿದ್ದರು. ಗುಂಪಿನಲ್ಲಿ ನಗಿಸುವುದು ತನ್ನ ಜವಾಬ್ದಾರಿ ಎಂದುಕೊಂಡಿರುವವರು ಪ್ರತಿಯೊಂದು ಬೀಗರ ಗುಂಪಿನಲ್ಲೂ ಒಬ್ಬರಿರುತ್ತಾರೆ. ಅವರು ರೊಟ್ಟಿ ಎತ್ತಿ ಹಿಡಿದು, ಕತ್ತು ಒಂದು ಕಡೆ ವಾಲಿಸಿ, “ಏನ್ರೀ ಯಪ್ಪಾ, ಊಟಾ ಭಾಳ ಜೋರೈತ್ರೀ! ರೊಟ್ಟಿ ಅವರೇ, ಬರ್ರೀ, ಹೊಟ್ಟೀಗ ಇಳೀರೀ!” ಎಂದು ಸಿನಿಮಾದ ಆಳಿನ ಧಾಟಿಯಲ್ಲೇ ಎಳೆದರು. ಅವರ ಕಡೆಯ ಸಾಲೆಲ್ಲ ಗೊಳ್ಳೆಂದಿತು. ನಮ್ಮ ಕಡೆಯ ಸಾಲು ತಟ್ಟೆ ನೋಡಿತು.

ಅವ್ವ ಮುಖ ತಿರುಗಿಸಲಿಲ್ಲ. “ಮಂಚಿಗ ತಿನುಂಡ್ರಿ” ಎಂದಳು ಅವರಿಗೆ, ಚೆನ್ನಾಗಿ ಊಟ ಮಾಡಿ ಎಂದು. ಕೈಯಲ್ಲಿದ್ದ ಬುಟ್ಟಿಯಿಂದ ಅವರ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದಳು. ನನ್ನ ಕೈಯಲ್ಲಿ ಸಾರಿನ ಸೌಟಿತ್ತು. ಸಾರು ಆರಿದ್ದು ಆ ಮನುಷ್ಯನ ಪುಣ್ಯ. ಮನೆಯ ಅಂಗಳದಲ್ಲಿ ಕೂತು, ನಮ್ಮ ಅನ್ನ ಉಣ್ಣುತ್ತ, ನಮ್ಮ ನಾಲಿಗೆಗೇ ನಗುತ್ತಾರಲ್ಲ! ನೆತ್ತಿಗೆ ಏರಿದ ಸಿಟ್ಟನ್ನು ಇನ್ನು ಇಳಿಸುವುದು ಬೇಡವೆಂದು ನಿಶ್ಚಯ ಮಾಡಿ ಬಾಯಿ ತೆರೆದೆ.

ಅಷ್ಟರಲ್ಲಿ ಹೊರಗೆ ಅವರ ಟೆಂಪೊದ ಚಾಲಕ ಗಾಡಿ ತಿರುಗಿಸಲು ಹೋಗಿ ಹಾರನ್ನು ಹೊಡೆದ. ಹಿತ್ತಲಲ್ಲಿದ್ದ ನಮ್ಮ ಎಮ್ಮೆ ಬೆದರಿ, ಗೂಟ ಕಿತ್ತುಕೊಂಡು, ಹಗ್ಗ ಎಳೆಯುತ್ತ ಮನೆಯ ಪಕ್ಕದಿಂದ ಸುತ್ತಿ ನೇರ ಶಾಮಿಯಾನದ ಬಾಗಿಲಿಗೆ ಬಂದು ನಿಂತಿತು. ಉಣ್ಣುತ್ತಿದ್ದವರು ತಟ್ಟೆ ಬಿಟ್ಟು ಎದ್ದರು. ಸೋದರಮಾವ ಎಲ್ಲರಿಗಿಂತ ಮೊದಲು ಕುರ್ಚಿ ಹತ್ತಿದರು. ಎಮ್ಮೆ ಯಾರನ್ನೂ ಲೆಕ್ಕಿಸದೆ ಮೇಜಿನ ಮೇಲಿದ್ದ ಹೋಳಿಗೆಯ ಪರಾತಕ್ಕೆ ಬಾಯಿ ಹಾಕಿತು.

ತಮ್ಮನ ಹೆಂಡತಿ ಹಸಿರು ಸೀರೆಯ ನಿರಿಗೆ ಎತ್ತಿ ಹಿಡಿದು ಎದ್ದಳು. ಅವಳಿಗೆ ಹೆದರಿಕೆಯೇ ಇರಲಿಲ್ಲ, ದಿನಾ ಮೇವು ಹಾಕುವವಳು. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಕೈ ಎಮ್ಮೆಯ ಕಡೆ ಚಾಚಿ, ಬಲು ವಿನಯದಿಂದ ಕರೆದಳು:

“ಬರ್ರಿ! ಈ ಕಡೆ ಬರ್ರಿ! ಹೋಳಿಗಿ ಬ್ಯಾಡ್ರಿ, ಇಲ್ಲಿ ಬರ್ರಿ!”

ಬಾಗಿಲಿಗೆ ಬಂದವರಿಗೆ ಯಾರೇ ಇರಲಿ ರೀ ಹಚ್ಚಬೇಕು ಎಂದು ನಾನೇ ಹೇಳಿಕೊಟ್ಟಿದ್ದೆ. ಎಮ್ಮೆಯನ್ನು ಬಿಟ್ಟು ಎಂದು ಹೇಳಿರಲಿಲ್ಲ.

“ಬಾ ಅನ್ನವ್ವಾ!” ಎಂದು ಹಿಂದಿನಿಂದ ಕೂಗು ಬಂತು. ಅವ್ವ. ಬುಟ್ಟಿ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿ ಬರುತ್ತಿದ್ದಳು. “ಬಾ ಅನ್ನು! ಎಮ್ಮಿಗಿ ಯಾರರ ರೀ ಅಂತಾರೇನು!”

ಹುಡುಗಿ ತಿರುಗಿ ನೋಡಿದಳು. ಎಷ್ಟೋ ತಿಂಗಳ ಮೇಲೆ ಅತ್ತೆಯ ಬಾಯಿಂದ ತನಗೆಂದೇ ಬಂದ ಕನ್ನಡ ಅದು. ಅವಳು ಎಮ್ಮೆಯನ್ನು ಮರೆತು ಅಲ್ಲೇ ನಿಂತುಬಿಟ್ಟಳು.

ಕುರ್ಚಿಯ ಮೇಲಿದ್ದ ಸೋದರಮಾವನಿಗೆ ಮಾತ್ರ ಲೋಕ ತಿಳಿಯದು. “ಅಯ್ಯೋ ದೇವರೇ, ಥೇಟ್ ಆ ಸಿನಿಮಾದ ಆಳು ಕಣೇ ನೀನು! ನಿನಗೂ ಇವರ ಭಾಷೆ ಅಂಟಿತಾ!” ಎಂದು ಹೊಟ್ಟೆ ಹಿಡಿದು ನಗತೊಡಗಿದರು. ಅವರ ಸಾಲಿನವರೆಲ್ಲ ಜೊತೆಗೂಡಿದರು. ಹುಡುಗಿಯ ಮುಖ ಕೆಂಪಾಯಿತು.

ಅವ್ವ ಎಮ್ಮೆಯ ಹಗ್ಗ ಹಿಡಿದು ಕೈಗೆ ಸುತ್ತಿಕೊಂಡಳು. ಇನ್ನೊಂದು ಕೈಯಲ್ಲಿ ಸೊಸೆಯ ಮುಂಗೈ ಹಿಡಿದಳು. ಆಮೇಲೆ ತಲೆ ಎತ್ತಿ ಆ ಕುರ್ಚಿಯ ಕಡೆ ನೋಡಿದಳು. ನಾವು ಚಿಕ್ಕವರಿದ್ದಾಗ ಟೀವಿಯ ಮುಂದೆ ನಮ್ಮನ್ನು ನೋಡುತ್ತಿದ್ದಳಲ್ಲ, ಅದೇ ಕಣ್ಣು.

“ನಗಬ್ಯಾಡ್ರಿ,” ಎಂದಳು. “ಅಕಿ ಕಲಿಯಾಕ ಹತ್ಯಾಳ.”